ಕತೆ ಕಪ್ಪುಜನರದ್ದು, ಹೀರೋ ಮಾತ್ರ ಬಿಳಿಯ: ಹಾಲಿವುಡ್ ಬಿಡದ ಹಳೇ ಅಚ್ಚು

2020ರ ಮೇ 25ರಂದು ಮಿನಿಯಾಪೊಲಿಸ್‌ನ ರಸ್ತೆಯಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕತ್ತಿನ ಮೇಲೆ ಮಂಡಿಯೂರಿ ಕೂತು ಕೊಂದ. ಅಮೆರಿಕದ ಊರೂರಲ್ಲಿ ಜನ ಬೀದಿಗಿಳಿದರು. ಜೂನ್ ಮೊದಲ ವಾರದ ಹೊತ್ತಿಗೆ ಅಲ್ಲಿನ ನೆಟ್‌ಫ್ಲಿಕ್ಸ್‌ನಲ್ಲಿ ಅತಿ ಹೆಚ್ಚು ಜನ ನೋಡಿದ ಸಿನಿಮಾ ಯಾವುದು ಗೊತ್ತಾ? 2011ರ ‘ದ ಹೆಲ್ಪ್’. ಜನಾಂಗೀಯ ದ್ವೇಷ ಅಂದರೇನು ಅಂತ ಅರ್ಥ ಮಾಡಿಕೊಳ್ಳಲು ಹೊರಟ ಲಕ್ಷಾಂತರ ಮಂದಿ ಮೊದಲು ಹೋಗಿ ತಟ್ಟಿದ್ದು ಆ ಬಾಗಿಲನ್ನು.

ಸಿನಿಮಾ ನೋಡಿಲ್ಲದವರಿಗೆ ಎರಡು ಮಾತು. 1960ರ ದಶಕದ ಮಿಸಿಸಿಪ್ಪಿ ರಾಜ್ಯದ ಜ್ಯಾಕ್ಸನ್ ಪಟ್ಟಣ. ಬಿಳಿಯರ ಮನೆಗಳಲ್ಲಿ ಅಡುಗೆ ಮಾಡುವ, ಅವರ ಮಕ್ಕಳನ್ನು ಎತ್ತಿ ಆಡಿಸುವ, ಆದರೆ ಅದೇ ಮನೆಯ ಶೌಚಾಲಯ ಬಳಸುವಂತಿಲ್ಲದ ಕಪ್ಪು ಹೆಂಗಸರು. ಆಗಷ್ಟೇ ಕಾಲೇಜು ಮುಗಿಸಿ ಬಂದ ಬಿಳಿಯ ಹುಡುಗಿಯೊಬ್ಬಳು ಅವರ ಅನುಭವಗಳನ್ನು ಕೇಳಿ ಪುಸ್ತಕ ಬರೆಯುತ್ತಾಳೆ. ಪುಸ್ತಕ ಗೆಲ್ಲುತ್ತದೆ. ಆಕೆಗೆ ನ್ಯೂಯಾರ್ಕ್‌ನಲ್ಲಿ ಕೆಲಸ ಸಿಗುತ್ತದೆ. ಕತೆ ಹೇಳಿದ ಐಬಿಲೀನ್ ಇದ್ದ ಕೆಲಸವನ್ನೂ ಕಳೆದುಕೊಂಡು ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಮೊದಲ ಸಲ ನೋಡಿದಾಗ ನಾನೂ ಕಣ್ಣೊರೆಸಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಐಬಿಲೀನ್ ಪಾತ್ರ ಮಾಡಿದ ವಯೋಲಾ ಡೇವಿಸ್ 2018ರಲ್ಲಿ ಈ ಸಿನಿಮಾದ ಬಗ್ಗೆ ವಿಷಾದ ಹೇಳಿಕೊಂಡರು. ಸಹನಟರ ಬಗ್ಗೆ, ನಿರ್ದೇಶಕರ ಬಗ್ಗೆ ಅವರಿಗೆ ದೂರಿಲ್ಲ. ದೂರು ಇಷ್ಟೇ: ಕೊನೆಗೂ ಅಲ್ಲಿ ಕೇಳಿಸಿದ್ದು ಮನೆಗೆಲಸದ ಹೆಂಗಸರ ದನಿ ಅಲ್ಲ.

ಈ ದೂರನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಇವತ್ತಿನ ಅಮೆರಿಕನ್ ಸಿನಿಮಾದ ಜನಾಂಗೀಯ ಪೂರ್ವಗ್ರಹ ಎಲ್ಲಿ ಅಡಗಿದೆ ಅನ್ನೋದು ಕಾಣುತ್ತದೆ. ಈಗ ತೆರೆಯ ಮೇಲೆ ಬೈಗುಳ ಕಡಿಮೆ. ಅವಮಾನದ ಮಾತು ಬಂದರೂ ಅದು ಖಳನ ಬಾಯಲ್ಲೇ ಬರುತ್ತದೆ. ಪೂರ್ವಗ್ರಹ ಕೂತಿರುವುದು ಕತೆಯ ಕಟ್ಟಡದಲ್ಲಿ: ನೋವು ಒಬ್ಬರದು, ಬದಲಾವಣೆ ಇನ್ನೊಬ್ಬರದು. ಕಪ್ಪು ಮನುಷ್ಯನ ಸಂಕಟ ಬಿಳಿಯ ಮನುಷ್ಯನ ಮನಸ್ಸು ಕರಗಿಸುವ ಕಚ್ಚಾ ಸಾಮಗ್ರಿ.

ಎರಕ ಹೊಯ್ದ ಕತೆ

ಸ್ಟೀರಿಯೊಟೈಪ್ ಅನ್ನೋದು ಮೂಲದಲ್ಲಿ ಮುದ್ರಣಾಲಯದ ಪದ. ಒಂದು ಪುಟವನ್ನು ಲೋಹದಲ್ಲಿ ಎರಕ ಹೊಯ್ದಿಟ್ಟುಕೊಂಡರೆ ಮತ್ತೆ ಮೊಳೆ ಜೋಡಿಸುವ ಕೆಲಸವಿಲ್ಲ, ಬೇಕಾದಷ್ಟು ಸಲ ಅದನ್ನೇ ಒತ್ತಬಹುದು. 1922ರಲ್ಲಿ ವಾಲ್ಟರ್ ಲಿಪ್‌ಮನ್ ಎಂಬ ಪತ್ರಕರ್ತ ‘ಪಬ್ಲಿಕ್ ಒಪೀನಿಯನ್’ ಪುಸ್ತಕದಲ್ಲಿ, ನಮ್ಮ ತಲೆಯೊಳಗೆ ಮೊದಲೇ ತಯಾರಾಗಿ ಕೂತ ಚಿತ್ರಗಳಿಗೆ ಈ ಹೆಸರು ಕೊಟ್ಟರು.

ಹಾಲಿವುಡ್‌ಗೆ ಈ ಎರಕ ಹುಟ್ಟಿನಿಂದಲೇ ಬಂದದ್ದು. 1915ರ ಡಿ.ಡಬ್ಲ್ಯು. ಗ್ರಿಫಿತ್‌ರ ‘ದ ಬರ್ತ್ ಆಫ್ ಎ ನೇಶನ್’ನಲ್ಲಿ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ಕಪ್ಪುಜನರನ್ನು ಕಾಮುಕರಂತೆ ತೋರಿಸಿದರು. ಅವರಿಂದ ದೇಶ ಕಾಪಾಡಲು ಕುದುರೆ ಏರಿ ಬರುವ ವೀರರು ಯಾರು? ಕು ಕ್ಲಕ್ಸ್ ಕ್ಲಾನ್. ಅಧ್ಯಕ್ಷ ವುಡ್ರೊ ವಿಲ್ಸನ್ ಅದನ್ನು ಶ್ವೇತಭವನದಲ್ಲೇ ನೋಡಿದರು. ಸತ್ತುಹೋಗಿದ್ದ ಕ್ಲಾನ್ ಅದೇ ವರ್ಷ ಜಾರ್ಜಿಯಾದ ಸ್ಟೋನ್ ಮೌಂಟನ್‌ನಲ್ಲಿ ಮತ್ತೆ ಹುಟ್ಟಿತು. ‘ಸಿನಿಮಾ ಬರೀ ಸಿನಿಮಾ ಕಣ್ರೀ’ ಅನ್ನುವವರಿಗೆ ಇದೊಂದು ಉದಾಹರಣೆ ಸಾಕು.

ಆಮೇಲೆ ಬಂದದ್ದು ದಾಸಿಯ ಕಾಲ. ‘ಗಾನ್ ವಿತ್ ದ ವಿಂಡ್’ ಸಿನಿಮಾದ ಮನೆಗೆಲಸದ ಮ್ಯಾಮಿಯಾಗಿ ಹ್ಯಾಟಿ ಮೆಕ್‌ಡ್ಯಾನಿಯಲ್ 1940ರಲ್ಲಿ ಆಸ್ಕರ್ ಗೆದ್ದರು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಅವರು. ಆ ರಾತ್ರಿ ಲಾಸ್ ಏಂಜಲಿಸ್‌ನ ಹೋಟೆಲಿನಲ್ಲಿ ಅವರನ್ನು ತಂಡದವರ ಜೊತೆ ಕೂರಿಸದೆ ಬೇರೆ ಮೇಜಿಗೆ ಕಳಿಸಲಾಗಿತ್ತು. ಸಿನಿಮಾ ಇತಿಹಾಸಕಾರ ಡೊನಾಲ್ಡ್ ಬೋಗಲ್ 1973ರಲ್ಲಿ ಬರೆದ ಪುಸ್ತಕದಲ್ಲಿ ಹಾಲಿವುಡ್ ಕಪ್ಪುಜನರಿಗಾಗಿ ಮಾಡಿಟ್ಟ ಐದು ಅಚ್ಚುಗಳನ್ನು ಪಟ್ಟಿ ಮಾಡಿದರು. ಒಡೆಯನಿಗೆ ನಿಷ್ಠನಾದ ಮುದುಕ, ನಗಿಸುವ ಪೆದ್ದ, ಎರಡು ರಕ್ತದ ನಡುವೆ ನರಳುವ ಚೆಲುವೆ, ಮನೆ ತುಂಬ ಓಡಾಡುವ ದಪ್ಪ ದಾಸಿ, ಬಿಳಿಯ ಹೆಣ್ಣಿಗೆ ಕೈಹಾಕುವ ದಾಂಡಿಗ. ಈ ಐವರ ಹೊರತಾಗಿ ಬಹಳ ಕಾಲ ಆರನೆಯವನಿಗೆ ಜಾಗವೇ ಇರಲಿಲ್ಲ.

1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯ ನಂತರ ಇವನ್ನು ಹಾಗೇ ಒತ್ತೋದು ಕಷ್ಟವಾಯಿತು. ಆಗ ಹುಟ್ಟಿದ್ದು ಹೊಸ ಅಚ್ಚು. ಇದು ಬೈಯುವುದಿಲ್ಲ, ಹೊಗಳುತ್ತದೆ. ಹಾಗಾಗಿಯೇ ಹಿಡಿಯೋದು ಕಷ್ಟ.

ದತ್ತು ಅಲ್ಲದ ದತ್ತು

2009ರ ‘ದ ಬ್ಲೈಂಡ್ ಸೈಡ್’ ತಗೊಳ್ಳಿ. ಮೆಂಫಿಸ್‌ನಲ್ಲಿ ಮನೆಮಠ ಇಲ್ಲದೆ ಅಲೆಯುತ್ತಿದ್ದ ದೈತ್ಯ ಗಾತ್ರದ ಕಪ್ಪು ಹುಡುಗ ಮೈಕಲ್ ಓಹರ್. ಶ್ರೀಮಂತ ಬಿಳಿಯ ಕುಟುಂಬ ಅವನನ್ನು ಮನೆಗೆ ಕರೆತಂದು ಮಗನಂತೆ ಸಾಕುತ್ತದೆ, ಅವನು ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಆಟಗಾರನಾಗುತ್ತಾನೆ. ನಿಜ ಜೀವನದ ಕತೆ. 30 ಕೋಟಿ ಡಾಲರ್‌ಗೂ ಮೀರಿ ಗಳಿಸಿತು. ಆ ತಾಯಿಯ ಪಾತ್ರಕ್ಕೆ ಸ್ಯಾಂಡ್ರಾ ಬುಲಕ್‌ಗೆ ಆಸ್ಕರ್ ಬಂತು.

ಸಿನಿಮಾದೊಳಗಿನ ಮೈಕಲ್ ಹೆಚ್ಚು ಮಾತಾಡುವುದಿಲ್ಲ. ಆಟ ಅವನಿಗೆ ಅರ್ಥವಾಗುವುದಿಲ್ಲ. ಆ ಮನೆಯ ಪುಟ್ಟ ಹುಡುಗ ಊಟದ ಮೇಜಿನ ಮೇಲೆ ಸಾಸ್ ಬಾಟಲಿಗಳನ್ನು ಜೋಡಿಸಿ ಅವನಿಗೆ ಆಟದ ಪಟ್ಟು ಕಲಿಸುತ್ತಾನೆ. ತಾಯಿ ಮೈದಾನಕ್ಕೇ ನುಗ್ಗಿ ಅವನಿಗೆ ಹೇಳಿಕೊಡುತ್ತಾಳೆ. ನಿಜವಾದ ಓಹರ್ 2011ರ ತಮ್ಮ ಆತ್ಮಕತೆಯಲ್ಲಿ ಇದನ್ನು ಆಕ್ಷೇಪಿಸಿದ್ದಾರೆ. ಆ ಮನೆಗೆ ಬರುವ ಮೊದಲೇ ಅವರಿಗೆ ಆಟ ಗೊತ್ತಿತ್ತು, ಅದನ್ನು ಅವರು ಶ್ರದ್ಧೆಯಿಂದ ಕಲಿತಿದ್ದರು. ತೆರೆಯ ಮೇಲೆ ತನ್ನನ್ನು ಪೆದ್ದನನ್ನಾಗಿ ಮಾಡಿದ್ದಾರೆ ಅನ್ನೋದು ಅವರ ನೋವು. ಮತ್ತೆ ಯೋಚನೆ ಮಾಡಿ, ಸಿನಿಮಾಗೆ ಆ ಪೆದ್ದುತನ ಬೇಕೇ ಬೇಕಿತ್ತು. ಹುಡುಗನಿಗೆ ಎಲ್ಲ ಮೊದಲೇ ಗೊತ್ತಿದ್ದರೆ ಉದ್ಧಾರ ಮಾಡುವವರಿಗೆ ಏನು ಕೆಲಸ?

2023ರ ಆಗಸ್ಟ್‌ನಲ್ಲಿ ಓಹರ್ ಟೆನೆಸಿಯ ಕೋರ್ಟ್ ಮೆಟ್ಟಿಲು ಹತ್ತಿದರು. ಆ ಕುಟುಂಬ ತಮ್ಮನ್ನು ಕಾನೂನುಬದ್ಧವಾಗಿ ದತ್ತು ತೆಗೆದುಕೊಂಡೇ ಇರಲಿಲ್ಲ ಅನ್ನೋದು ಅವರ ಅರ್ಜಿ. 2004ರಲ್ಲಿ, ಅವರಿಗೆ 18 ತುಂಬಿದ ಮೇಲೆ, ಮಾಡಿಸಿದ್ದು ‘ಕನ್ಸರ್ವೇಟರ್‌ಶಿಪ್’. ಅಂದರೆ ಒಬ್ಬ ವಯಸ್ಕನಿಗೆ ತನ್ನ ವ್ಯವಹಾರ ತಾನು ನೋಡಿಕೊಳ್ಳಲಾಗದು ಅನ್ನುವಾಗ ಕೋರ್ಟ್ ಬೇರೆಯವರ ಕೈಗೆ ಕೊಡುವ ಅಧಿಕಾರ. ತಮ್ಮ ಹೆಸರಿನಿಂದ ಹಣ ಮಾಡಿಕೊಂಡರು ಅಂತಲೂ ಓಹರ್ ಆರೋಪಿಸಿದರು. ಕುಟುಂಬ ಅದನ್ನು ನಿರಾಕರಿಸಿತು. ಹಣದ ಜಗಳ ಏನೇ ಇರಲಿ, ಮುಂದಿನ ತಿಂಗಳೇ ನ್ಯಾಯಾಧೀಶೆ ಆ ಕನ್ಸರ್ವೇಟರ್‌ಶಿಪ್ ರದ್ದು ಮಾಡಿದರು. ಅಂಗವೈಕಲ್ಯವಿಲ್ಲದ ವ್ಯಕ್ತಿಯ ಮೇಲೆ ಇಂಥದ್ದು ಹೇರಿದ್ದನ್ನು ತಾವು ಕಂಡಿಲ್ಲ ಅಂತ ಅಚ್ಚರಿಪಟ್ಟರು. ಅಷ್ಟು ಹೊತ್ತಿಗೆ ಓಹರ್‌ಗೆ 37 ವರ್ಷ. ಸೂಪರ್ ಬೌಲ್ ಗೆದ್ದು, ಆಟದಿಂದ ನಿವೃತ್ತರಾಗಿ, ತಂದೆಯೂ ಆಗಿದ್ದವರು. ಹದಿನಾಲ್ಕು ವರ್ಷ ಜಗತ್ತು ಚಪ್ಪಾಳೆ ತಟ್ಟಿದ ‘ದತ್ತು’ ಕಾಗದದ ಮೇಲೆ ಹೀಗಿತ್ತು.

ಡ್ರೈವರ್‌ಗೆ ಮುಖ್ಯಪಾತ್ರ, ಪಿಯಾನೊ ವಾದಕನಿಗೆ ಪೋಷಕ

2019ರ ಆಸ್ಕರ್‌ನಲ್ಲಿ ಅತ್ಯುತ್ತಮ ಚಿತ್ರ ‘ಗ್ರೀನ್ ಬುಕ್’. 1962ರಲ್ಲಿ ಡಾನ್ ಶರ್ಲಿ ಎಂಬ ಅಪ್ರತಿಮ ಪಿಯಾನೊ ವಾದಕ ವರ್ಣಭೇದದ ದಕ್ಷಿಣ ರಾಜ್ಯಗಳಲ್ಲಿ ಕಛೇರಿ ಕೊಡಲು ಹೊರಡುತ್ತಾರೆ. ಕಾರು ಓಡಿಸಲು, ಕಾವಲಿಗೆ ಟೋನಿ ಎಂಬ ಇಟಾಲಿಯನ್ ಮೂಲದ ಬಿಳಿಯ. ದಾರಿಯುದ್ದಕ್ಕೂ ಇಬ್ಬರೂ ಸ್ನೇಹಿತರಾಗುತ್ತಾರೆ. ನೋಡಲು ಹಿತವಾಗಿದೆ, ನಟನೆ ಸೊಗಸಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಚಿತ್ರಕತೆ ಬರೆದವರಲ್ಲಿ ಒಬ್ಬರು ಟೋನಿಯ ಮಗ. ಶರ್ಲಿ ಕುಟುಂಬದವರನ್ನು ಯಾರೂ ಸರಿಯಾಗಿ ವಿಚಾರಿಸಲಿಲ್ಲ. ಸಿನಿಮಾ ಬಂದ ಮೇಲೆ ಅವರ ತಮ್ಮ ಅದನ್ನು ಸುಳ್ಳಿನ ಕಂತೆ ಎಂಬರ್ಥದಲ್ಲಿ ತಳ್ಳಿಹಾಕಿದರು. ಸಿನಿಮಾದಲ್ಲಿ ಕಪ್ಪುಜನರ ಹಾಡುಗಾರರು ಯಾರು ಅಂತ ಕಪ್ಪು ಸಂಗೀತಗಾರನಿಗೆ ಹೇಳಿಕೊಡುವವನು ಬಿಳಿಯ ಡ್ರೈವರ್. ಕೋಳಿ ಫ್ರೈ ಕೈಯಲ್ಲಿ ಹಿಡಿದು ತಿನ್ನೋದನ್ನು ಕಲಿಸುವವನೂ ಅವನೇ. ಕೋಳಿ ಫ್ರೈ ಅಂದರೆ ಕಪ್ಪುಜನರನ್ನು ಗೇಲಿ ಮಾಡಲು ಅಮೆರಿಕದಲ್ಲಿ ತಲೆಮಾರುಗಳಿಂದ ಬಳಸಿದ ಊಟ ಅನ್ನೋದು ಗೊತ್ತಿದ್ದರೆ ಆ ದೃಶ್ಯದ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನು ಹೆಸರಿನ ‘ಗ್ರೀನ್ ಬುಕ್’ ಇದೆಯಲ್ಲ, ಅದು ಹಾರ್ಲೆಮ್‌ನ ಅಂಚೆಯಣ್ಣ ವಿಕ್ಟರ್ ಹ್ಯೂಗೊ ಗ್ರೀನ್ 1936ರಿಂದ ಹೊರತಂದ ಕೈಪಿಡಿ. ಕಪ್ಪು ಪ್ರಯಾಣಿಕರು ಯಾವ ಊರಲ್ಲಿ ಎಲ್ಲಿ ತಂಗಬಹುದು, ಎಲ್ಲಿ ಉಣ್ಣಬಹುದು ಅಂತ ಹೇಳುವ, ಜೀವ ಉಳಿಸುವ ಪುಸ್ತಕ. ಸಿನಿಮಾದಲ್ಲಿ ಅದು ಬಿಳಿಯನ ಕೈಯಲ್ಲಿ ಒಂದೆರಡು ಸಲ ಕಾಣಿಸಿ ಮರೆಯಾಗುತ್ತದೆ.

ಎಲ್ಲಕ್ಕಿಂತ ಸ್ಪಷ್ಟ ಸಾಕ್ಷಿ ಪ್ರಶಸ್ತಿ ಪಟ್ಟಿಯದು. ಡ್ರೈವರ್ ಆಗಿದ್ದ ವಿಗೊ ಮೊರ್ಟೆನ್ಸನ್ ಸ್ಪರ್ಧಿಸಿದ್ದು ಅತ್ಯುತ್ತಮ ನಟ ವಿಭಾಗದಲ್ಲಿ. ಡಾನ್ ಶರ್ಲಿಯಾಗಿದ್ದ ಮಹೆರ್ಶಲಾ ಅಲಿ ಗೆದ್ದದ್ದು ಪೋಷಕ ನಟ ಪ್ರಶಸ್ತಿ. ಶರ್ಲಿಯ ಪ್ರವಾಸದ ಕತೆಯಲ್ಲಿ ಶರ್ಲಿ ಪೋಷಕ ಪಾತ್ರ!

ಆ ರಾತ್ರಿ ಸ್ಪೈಕ್ ಲೀ ಸಿಟ್ಟಿನಿಂದ ಸಭಾಂಗಣ ಬಿಟ್ಟು ಹೊರಡಲು ಎದ್ದರು. ಅವರಿಗೆ ಇದು ಎರಡನೇ ಸಲ. ಅವರ ‘ಡು ದ ರೈಟ್ ಥಿಂಗ್’ ಅತ್ಯುತ್ತಮ ಚಿತ್ರದ ಸ್ಪರ್ಧೆಗೂ ಆಯ್ಕೆಯಾಗದ 1990ರ ಸಮಾರಂಭದಲ್ಲಿ ಗೆದ್ದದ್ದು ‘ಡ್ರೈವಿಂಗ್ ಮಿಸ್ ಡೇಸಿ’. ಬಿಳಿಯ ಮುದುಕಿ, ಅವಳ ಕಪ್ಪು ಡ್ರೈವರ್. ಯಾರಾದರೂ ಯಾರನ್ನಾದರೂ ಕಾರಲ್ಲಿ ಕೂರಿಸಿಕೊಂಡು ಹೋದಾಗಲೆಲ್ಲ ನಾನು ಸೋಲ್ತೀನಿ ಅಂತ ಅವರು ಆಮೇಲೆ ಜೋಕ್ ಮಾಡಿದರು. 1990ರ ಆ ಎರಡು ಸಿನಿಮಾಗಳಲ್ಲಿ ಬ್ರೂಕ್ಲಿನ್ ಪೊಲೀಸರು ಕಪ್ಪು ಯುವಕನೊಬ್ಬನ ಕತ್ತು ಅಮುಕಿ ಕೊಲ್ಲುವುದನ್ನು ತೋರಿಸಿದ್ದು ಯಾವುದು ಅಂತ ಬೇರೆ ಹೇಳಬೇಕಿಲ್ಲ.

ಇದೇ ಲೀ 2001ರಲ್ಲಿ ಜನಪ್ರಿಯಗೊಳಿಸಿದ ಇನ್ನೊಂದು ಮಾತು ‘ಮಾಂತ್ರಿಕ ನೀಗ್ರೊ’. ನೀಗ್ರೊ ಎಂಬ ಹಳೇ ಪದವನ್ನು ಅವರು ಚುಚ್ಚಲೆಂದೇ ಬಳಸಿದ್ದು. ‘ದ ಗ್ರೀನ್ ಮೈಲ್’ನಲ್ಲಿ ಗಲ್ಲಿಗೆ ಕಾಯುತ್ತಿರುವ ಕಪ್ಪು ಕೈದಿಗೆ ಬಿಳಿಯ ಜೈಲರ್‌ನ ಕಾಯಿಲೆ ವಾಸಿ ಮಾಡುವ ಶಕ್ತಿಯಿದೆ, ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕೆ ಮಾತ್ರ ಆ ಶಕ್ತಿ ಬರುವುದಿಲ್ಲ. ‘ದ ಲೆಜೆಂಡ್ ಆಫ್ ಬ್ಯಾಗರ್ ವ್ಯಾನ್ಸ್’ನಲ್ಲಿ ವಿಲ್ ಸ್ಮಿತ್ ಎಲ್ಲಿಂದಲೋ ಬಂದು ಬಿಳಿಯ ನಾಯಕನ ಗಾಲ್ಫ್ ಆಟ ಸುಧಾರಿಸಿ ಮಾಯವಾಗುತ್ತಾನೆ. ಅದೂ 1930ರ ದಶಕದ ಜಾರ್ಜಿಯಾದಲ್ಲಿ, ಕಪ್ಪುಜನರನ್ನು ಮರಕ್ಕೆ ನೇತುಹಾಕುತ್ತಿದ್ದ ಕಾಲದಲ್ಲಿ. ಮಂತ್ರಶಕ್ತಿ ಇರುವವನು ಮೊದಲು ಮಾಡಬೇಕಿದ್ದ ಕೆಲಸ ಗಾಲ್ಫ್ ಅಲ್ಲವೇನೋ.

ಈ ಕಟ್ಟಡ ಚರಿತ್ರೆಯನ್ನೂ ತಿರುಚುತ್ತದೆ. 1964ರಲ್ಲಿ ಮಿಸಿಸಿಪ್ಪಿಯಲ್ಲಿ ಮೂವರು ಹಕ್ಕುಗಳ ಕಾರ್ಯಕರ್ತರ ಕೊಲೆಯಾಯಿತು. ಆ ಘಟನೆಯ ಮೇಲಿನ 1988ರ ‘ಮಿಸಿಸಿಪ್ಪಿ ಬರ್ನಿಂಗ್’ನ ಹೀರೋಗಳು ಇಬ್ಬರು ಬಿಳಿಯ ಎಫ್‌ಬಿಐ ಅಧಿಕಾರಿಗಳು. ಅದೇ ಕಾಲದಲ್ಲಿ ಎಡ್ಗರ್ ಹೂವರ್‌ರ ಎಫ್‌ಬಿಐ ಮಾರ್ಟಿನ್ ಲೂಥರ್ ಕಿಂಗ್ ಅವರ ಕೋಣೆಗಳಲ್ಲಿ ಕದ್ದಾಲಿಕೆ ಸಾಧನ ಇಟ್ಟು, ಆತ್ಮಹತ್ಯೆಗೆ ಪ್ರಚೋದಿಸುವ ಅನಾಮಧೇಯ ಪತ್ರ ಕಳಿಸಿತ್ತು. ಊರೂರಲ್ಲಿ ಪ್ರಾಣ ಒತ್ತೆಯಿಟ್ಟು ಚಳವಳಿ ಕಟ್ಟಿದ ಕಪ್ಪುಜನ ಆ ಸಿನಿಮಾದಲ್ಲಿ ಹೆದರಿ ಮೂಲೆ ಸೇರಿದವರು.

ಇಸ್ಪೀಟೆಲೆ ಹಂಚಿದ ಅಸಲಿ ಹೀರೋ

ಕಪ್ಪುಜನರ ಪಾತ್ರವನ್ನಾದರೂ ಈಗ ಕಪ್ಪುಜನರಿಗೇ ಕೊಡುತ್ತಾರೆ. ಏಷ್ಯಾದವರಿಗೆ ತೀರ ಇತ್ತೀಚಿನವರೆಗೂ ಅದೂ ಇರಲಿಲ್ಲ. ಎಂಐಟಿಯ ವಿದ್ಯಾರ್ಥಿಗಳು ಲೆಕ್ಕ ಹಾಕಿ ಲಾಸ್ ವೆಗಾಸ್‌ನ ಕ್ಯಾಸಿನೊಗಳನ್ನು ಮಣಿಸಿದ ಕತೆ 2008ರ ‘21’. ನಿಜದಲ್ಲಿ ಆ ತಂಡದ ಮುಂದಾಳುಗಳು ಬಹುತೇಕ ಏಷ್ಯಾ ಮೂಲದವರು. ತೆರೆಯ ಮೇಲೆ ನಾಯಕ ಬಿಳಿಯ ನಟ ಜಿಮ್ ಸ್ಟರ್ಜೆಸ್. ಆ ಪಾತ್ರಕ್ಕೆ ಸ್ಫೂರ್ತಿಯಾದ ಜೆಫ್ ಮಾ ಸಿನಿಮಾದಲ್ಲಿ ಇಲ್ಲವೇ ಅಂದರೆ, ಇದ್ದಾರೆ. ಕ್ಯಾಸಿನೊ ಮೇಜಿನ ಆಚೆ ನಿಂತು, ತಮ್ಮದೇ ಪಾತ್ರ ಮಾಡುತ್ತಿರುವ ಬಿಳಿಯನಿಗೆ ಇಸ್ಪೀಟೆಲೆ ಹಂಚುವ ಉದ್ಯೋಗಿಯಾಗಿ! 2015ರ ‘ಅಲೋಹಾ’ದಲ್ಲಿ ಚೀನಾ-ಹವಾಯಿ ಮೂಲದ ಆಲಿಸನ್ ಎಂಗ್ ಆಗಿ ಬಂದವರು ಎಮಾ ಸ್ಟೋನ್, ನಿರ್ದೇಶಕರು ಆಮೇಲೆ ಕ್ಷಮೆ ಕೇಳಿದರು.

ಅರಬರ ಕತೆ ಬೇರೆ. ಅವರಿಗೆ ಪಾತ್ರಗಳು ಧಾರಾಳ, ಎಲ್ಲವೂ ಬಂದೂಕಿನ ಒಂದಲ್ಲ ಒಂದು ತುದಿಯಲ್ಲಿ. ಜ್ಯಾಕ್ ಶಹೀನ್ ಎಂಬ ಪ್ರಾಧ್ಯಾಪಕರು 900ಕ್ಕೂ ಹೆಚ್ಚು ಹಾಲಿವುಡ್ ಸಿನಿಮಾಗಳನ್ನು ಕೂತು ನೋಡಿ 2001ರಲ್ಲಿ ‘ರೀಲ್ ಬ್ಯಾಡ್ ಅರಬ್ಸ್’ ಪುಸ್ತಕ ತಂದರು. ಅರಬರನ್ನು ಒಳ್ಳೆಯ ರೀತಿಯಲ್ಲಿ ತೋರಿಸಿದ ಸಿನಿಮಾಗಳು ಅವರಿಗೆ ಸಿಕ್ಕಿದ್ದು ಹನ್ನೆರಡರ ಆಸುಪಾಸು. ಮಕ್ಕಳ ಚಿತ್ರ ‘ಅಲಾದ್ದೀನ್’ನ ಮೊದಲ ಹಾಡಿನಲ್ಲೇ ಮುಖ ಇಷ್ಟವಾಗದಿದ್ದರೆ ಕಿವಿ ಕತ್ತರಿಸುವ ನಾಡು ಎಂಬ ವರ್ಣನೆ ಇತ್ತು. ಅರಬ್ ಅಮೆರಿಕನ್ನರು ಪ್ರತಿಭಟಿಸಿದ ಮೇಲೆ 1993ರ ವಿಡಿಯೊದಲ್ಲಿ ಆ ಸಾಲು ಹೋಯಿತು, ಆ ನಾಡನ್ನು ಬರ್ಬರ ಅನ್ನುವ ಮಾತು ಉಳಿಯಿತು. ಅದರಲ್ಲಿ ಅಲಾದ್ದೀನ್, ಜಾಸ್ಮಿನ್ ಮಾತಾಡುವುದು ಶುದ್ಧ ಅಮೆರಿಕನ್ ಧಾಟಿಯಲ್ಲಿ. ಅರಬ್ ಧಾಟಿ ಕೆಟ್ಟವರಿಗೆ ಮಾತ್ರ. 2014ರ ಸಿನಿಮಾಗಳಲ್ಲಿ ಅಮೆರಿಕದೊಳಗೆ ಅತಿ ಹೆಚ್ಚು ದುಡ್ಡು ಬಾಚಿದ ‘ಅಮೆರಿಕನ್ ಸ್ನೈಪರ್’ನಲ್ಲಿ ಇರಾಕಿನ ಜನ ಬಹುಪಾಲು ಕಾಣುವುದೇ ಗುರಿ ಇಟ್ಟ ದುರ್ಬೀನಿನ ಮೂಲಕ.

ನಮ್ಮವರ ವಿಷಯಕ್ಕೆ ಬಂದರೆ, ಹಾಲಿವುಡ್‌ನ ಮೊದಲ ಭಾರತೀಯ ತಾರೆ ಮೈಸೂರಿನವನು. 1924ರಲ್ಲಿ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು. ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯ ಕಾಡಿನಲ್ಲಿ ಚಿತ್ರಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ಅವನನ್ನು ಜಗತ್ತಿಗೆ ತೋರಿಸಿತು. ಮುಂದೆ ಅಮೆರಿಕದ ಪ್ರಜೆಯಾದ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿಯ ಬಂದೂಕುಧಾರಿಯಾಗಿ ಹೋರಾಡಿ ಪದಕ ಪಡೆದ. ವಾಪಸು ಬಂದರೆ ಅವನಿಗಾಗಿ ಕಾದಿದ್ದು ಹೆಚ್ಚಾಗಿ ಅದೇ ಪೇಟ, ಅದೇ ಕಾಡು, ಅದೇ ಪೂರ್ವದೇಶ. 39ನೇ ವಯಸ್ಸಿಗೆ ತೀರಿಕೊಂಡ. ಅವನ ನಂತರ ಆ ಜಾಗವೂ ನಮ್ಮವರಿಗೆ ಉಳಿಯಲಿಲ್ಲ: 1986ರ ‘ಶಾರ್ಟ್ ಸರ್ಕ್ಯೂಟ್’ನಲ್ಲಿ ಭಾರತೀಯ ಎಂಜಿನಿಯರ್ ಆಗಿದ್ದು ಮುಖಕ್ಕೆ ಕಂದು ಬಣ್ಣ ಹಚ್ಚಿಕೊಂಡ ಬಿಳಿಯ ನಟ ಫಿಶರ್ ಸ್ಟೀವನ್ಸ್.

‘ಅರಬರ ಅಚ್ಚು ಅರಬರಿಗೆ, ನಮಗೇನು’ ಅನ್ನುವ ಭಾರತೀಯರು ಅಮೆರಿಕದಲ್ಲಿ ಕಡಿಮೆಯಿಲ್ಲ. 2017ರ ಫೆಬ್ರವರಿ 22ರಂದು ಕ್ಯಾನ್ಸಸ್‌ನ ಒಲೇತ ಊರಿನ ಬಾರ್‌ನಲ್ಲಿ ತೆಲುಗು ಎಂಜಿನಿಯರ್ ಒಬ್ಬರನ್ನು ಬಿಳಿಯನೊಬ್ಬ ಗುಂಡಿಟ್ಟು ಕೊಂದ. ತಾನು ಇರಾನಿಯರಿಗೆ ಗುಂಡು ಹೊಡೆದೆ ಅಂದುಕೊಂಡಿದ್ದ. ಅಚ್ಚಿಗೆ ಪಾಸ್‌ಪೋರ್ಟ್ ನೋಡುವ ಅಭ್ಯಾಸ ಇರುವುದಿಲ್ಲ.

ಹಾಗಾದರೆ ಏನೂ ಬದಲಾಗಿಲ್ಲವೇ?

ಬದಲಾಗಿದೆ. 2015 ಮತ್ತು 2016, ಸತತ ಎರಡು ವರ್ಷ ಆಸ್ಕರ್ ನಟನಾ ವಿಭಾಗದ ಇಪ್ಪತ್ತಕ್ಕೆ ಇಪ್ಪತ್ತೂ ನಾಮನಿರ್ದೇಶನಗಳು ಬಿಳಿಯರಿಗೆ ಹೋದವು. ಏಪ್ರಿಲ್ ರೇನ್ ಎಂಬ ಕಪ್ಪು ಮಹಿಳೆ ಟ್ವಿಟರ್‌ನಲ್ಲಿ ಶುರು ಮಾಡಿದ ‘ಆಸ್ಕರ್ಸ್ ಸೋ ವೈಟ್’ ಹ್ಯಾಶ್‌ಟ್ಯಾಗ್ ಅಕಾಡೆಮಿಯ ಮಾನ ತೆಗೆಯಿತು. ಸದಸ್ಯತ್ವ ವಿಸ್ತರಿಸಿದರು. 2024ರ ಪ್ರಶಸ್ತಿಯಿಂದ, ಅತ್ಯುತ್ತಮ ಚಿತ್ರಕ್ಕೆ ಸ್ಪರ್ಧಿಸಬೇಕಾದರೆ ಒಳಗೊಳ್ಳುವಿಕೆಯ ನಾಲ್ಕು ಮಾನದಂಡಗಳಲ್ಲಿ ಎರಡನ್ನಾದರೂ ಪೂರೈಸಬೇಕು ಅಂತ ನಿಯಮ ತಂದರು. ಬಲಪಂಥೀಯರು ಮೀಸಲಾತಿ ಬಂತು, ಪ್ರತಿಭೆ ಸತ್ತಿತು ಅಂತ ಕೂಗಾಡಿದರು (ಈ ರಾಗ ನಮಗೆ ಹೊಸದಲ್ಲ). ಅಸಲಿಗೆ ನಿಯಮ ಬಹಳ ಮೆದು. ತರಬೇತಿಗೆ ಒಂದಷ್ಟು ಜನ, ಪ್ರಚಾರ ವಿಭಾಗದಲ್ಲಿ ಒಂದಷ್ಟು ಜನ ಇದ್ದರೆ ತೆರೆಯ ಮೇಲಿನ ಒಂದು ಫ್ರೇಮ್ ಕೂಡ ಬದಲಿಸದೆ ದಾಟಿಬಿಡಬಹುದು. ಮೊದಲ ವರ್ಷ ಗೆದ್ದದ್ದು ‘ಒಪೆನ್‌ಹೈಮರ್’. ಬಾಂಬಿಗೆ ಸಿಕ್ಕ ಜಪಾನೀಯರಾಗಲಿ, ಪರೀಕ್ಷೆಯ ವಿಕಿರಣ ಉಂಡ ನ್ಯೂ ಮೆಕ್ಸಿಕೊದ ಜನರಾಗಲಿ ಅದರಲ್ಲಿ ಪಾತ್ರಗಳಲ್ಲ.

‘ಬಿಳಿಯ ಹೀರೋ ಇಲ್ಲದಿದ್ದರೆ ಓಡಲ್ಲ’ ಅನ್ನುವ ಸ್ಟುಡಿಯೊಗಳ ಹಳೇ ನೆಪವೂ 2017-18ರಲ್ಲಿ ಮುರಿದುಬಿತ್ತು. ‘ಬ್ಲ್ಯಾಕ್ ಪ್ಯಾಂಥರ್’ 130 ಕೋಟಿ ಡಾಲರ್ ದಾಟಿತು. ಜೋರ್ಡನ್ ಪೀಲ್ 50 ಲಕ್ಷ ಡಾಲರ್‌ಗಿಂತ ಕಡಿಮೆ ಖರ್ಚಿನಲ್ಲಿ ಮಾಡಿದ ‘ಗೆಟ್ ಔಟ್’ 25 ಕೋಟಿ ಮೀರಿತು, ಮೂಲ ಚಿತ್ರಕತೆಯ ಆಸ್ಕರ್ ಗೆದ್ದ ಮೊದಲ ಕಪ್ಪು ಬರಹಗಾರ ಎಂಬ ಹೆಸರನ್ನೂ ಅವರಿಗೆ ತಂದಿತು. ‘ಗೆಟ್ ಔಟ್’ನ ಭಯಾನಕ ಮಂದಿ ಕ್ಲಾನ್‌ನವರಲ್ಲ. ಒಬಾಮಾಗೆ ಮೂರನೇ ಸಲವೂ ವೋಟು ಹಾಕುತ್ತಿದ್ದೆ ಅನ್ನುವ ಸಭ್ಯ, ಉದಾರವಾದಿ ಬಿಳಿಯರು. ಅವರಿಗೆ ಕಪ್ಪುಜನರ ಮೇಲೆ ಅಸಹ್ಯವಿಲ್ಲ, ಆಸೆ. ಅವರ ದೇಹ ಬೇಕು, ಅದರೊಳಗಿನ ಮನುಷ್ಯ ಬೇಡ. ‘ದ ಹೆಲ್ಪ್’, ‘ಗ್ರೀನ್ ಬುಕ್’ ಮಾದರಿಯ ಮೇಲೆ ಇಷ್ಟು ಕ್ರೂರವಾದ ವಿಮರ್ಶೆಯನ್ನು ಯಾವ ಲೇಖನವೂ ಬರೆದಿಲ್ಲ ಅನ್ನಿಸುತ್ತದೆ.

ಕಪ್ಪು ನಟರ ಸಂಖ್ಯೆ ಎಣಿಸಿ ಸಮಾಧಾನ ಪಟ್ಟುಕೊಳ್ಳುವವರು 2023ರ ‘ಅಮೆರಿಕನ್ ಫಿಕ್ಷನ್’ ನೋಡಬೇಕು. ಪುಸ್ತಕ ಮಾರಾಟವಾಗದ ಕಪ್ಪು ಪ್ರಾಧ್ಯಾಪಕನೊಬ್ಬ ಸಿಟ್ಟಿಗೆ ಗನ್ನು, ಡ್ರಗ್ಸು, ಬಿಟ್ಟುಹೋದ ಅಪ್ಪ ಎಲ್ಲ ತುರುಕಿದ ಕಾದಂಬರಿಯನ್ನು ಸುಳ್ಳು ಹೆಸರಲ್ಲಿ ಬರೆಯುತ್ತಾನೆ. ಅದು ದೊಡ್ಡ ಹಿಟ್. ಪ್ರಶಸ್ತಿ ಸಮಿತಿಯ ಇಬ್ಬರು ಕಪ್ಪು ತೀರ್ಪುಗಾರರು ಅದು ಬೇಡ ಅನ್ನುತ್ತಾರೆ. ಮೂವರು ಬಿಳಿಯ ತೀರ್ಪುಗಾರರು ಅವರನ್ನು ಬಹುಮತದಿಂದ ಸೋಲಿಸಿ, ಕಪ್ಪುಜನರ ದನಿಗೆ ಈಗ ಕಿವಿಗೊಡಬೇಕು ಅಂತ ಗಂಭೀರವಾಗಿ ಹೇಳುತ್ತಾರೆ.

ಅದೇ ವರ್ಷ ಮಾರ್ಟಿನ್ ಸ್ಕಾರ್ಸೆಸಿಯ ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’ ಬಂತು. 1920ರ ದಶಕದಲ್ಲಿ ತೈಲದ ಹಣಕ್ಕಾಗಿ ಓಕ್ಲಹೋಮಾದ ಒಸೇಜ್ ಬುಡಕಟ್ಟಿನವರನ್ನು ಒಬ್ಬೊಬ್ಬರನ್ನಾಗಿ ಕೊಂದ ಕತೆ. ಮೊದಲ ಚಿತ್ರಕತೆಯಲ್ಲಿ ತನಿಖೆಗೆ ಬರುವ ಬಿಳಿಯ ಅಧಿಕಾರಿಯೇ ನಾಯಕ. ಒಸೇಜ್ ಜನರ ಜೊತೆ ಕೂತು ಮಾತಾಡಿದ ಸ್ಕಾರ್ಸೆಸಿ ಅದನ್ನು ಕಿತ್ತು ಮತ್ತೆ ಬರೆಸಿದರು, ಲಿಲಿ ಗ್ಲ್ಯಾಡ್‌ಸ್ಟೋನ್ ಆಸ್ಕರ್‌ನ ಅತ್ಯುತ್ತಮ ನಟಿ ಸ್ಪರ್ಧೆಗೆ ಬಂದ ಮೊದಲ ಅಮೆರಿಕನ್ ಮೂಲನಿವಾಸಿಯಾದರು. ಆದರೂ ಸಿನಿಮಾಗೆ ಭಾಷಾ ಸಲಹೆ ಕೊಟ್ಟ ಒಸೇಜ್ ಸಮುದಾಯದವರೇ ಒಬ್ಬರು, ಕತೆ ಹೆಂಡತಿ ಮಾಲಿಯ ಕಣ್ಣಿಂದ ಬರಬೇಕಿತ್ತು, ಅವಳಿಗೆ ವಿಷವಿಕ್ಕಿದ ಗಂಡನ ಕಣ್ಣಿಂದಲ್ಲ ಅಂತ ಪ್ರದರ್ಶನದ ದಿನವೇ ಬೇಸರ ಹೇಳಿಕೊಂಡರು. ನನಗೆ ಆ ಸಿನಿಮಾ ಇಷ್ಟ. ಆದರೂ ಅವರ ಮಾತು ಸರಿ.

ಯಾರ ಕಣ್ಣು ಅನ್ನೋದಕ್ಕೆ ಉತ್ತರದಂತಿದ್ದ ಇನ್ನೊಂದು ಸಿನಿಮಾ ಅದೇ 2023ರಲ್ಲಿ ಬಂತು: ಏವಾ ಡುವರ್ನೆಯ ‘ಒರಿಜಿನ್’. ಪತ್ರಕರ್ತೆ ಇಸಬೆಲ್ ವಿಲ್ಕರ್ಸನ್ ತಮ್ಮ ‘ಕಾಸ್ಟ್’ ಪುಸ್ತಕ ಬರೆದ ಬಗೆಯೇ ಅದರ ಕತೆ. ನಡುವೆ ಕೂತು ಓದುವ, ಸುತ್ತುವ, ವಾದಿಸುವ, ತಪ್ಪು ತಿದ್ದಿಕೊಳ್ಳುವ ಮನಸ್ಸು ಕಪ್ಪು ಹೆಂಗಸಿನದು. ಆಕೆಯನ್ನು ಯಾರೂ ಉದ್ಧಾರ ಮಾಡುವುದಿಲ್ಲ. ದೆಹಲಿಗೆ ಬಂದು ಅಂಬೇಡ್ಕರ್ ಅವರನ್ನು ಹುಡುಕುತ್ತಾಳೆ. ಬಾಲಕ ಭೀಮ ತರಗತಿಯಲ್ಲಿ ಬೇರೆ ಕೂತದ್ದನ್ನು ಸಿನಿಮಾ ತೋರಿಸುತ್ತದೆ. ಆಸ್ಕರ್‌ನಲ್ಲಿ ಅದಕ್ಕೆ ಒಂದೇ ಒಂದು ನಾಮನಿರ್ದೇಶನವೂ ಬರಲಿಲ್ಲ.

ಅದರ ಕೊನೆಯ ಭಾಗದಲ್ಲಿ 1951ರಲ್ಲಿ ಓಹಾಯೊದ ಯಂಗ್ಸ್‌ಟೌನ್‌ನಲ್ಲಿ ನಡೆದ ನಿಜ ಘಟನೆಯೊಂದಿದೆ. ಬೇಸ್‌ಬಾಲ್ ಗೆದ್ದ ಮಕ್ಕಳ ತಂಡವನ್ನು ಖುಷಿಗೆ ಈಜುಕೊಳಕ್ಕೆ ಕರೆದೊಯ್ಯುತ್ತಾರೆ. ತಂಡದಲ್ಲಿದ್ದ ಒಬ್ಬನೇ ಕಪ್ಪು ಹುಡುಗ ಆಲ್ ಬ್ರೈಟ್‌ನನ್ನು ಬೇಲಿಯ ಹೊರಗೆ ಕೂರಿಸುತ್ತಾರೆ. ದೊಡ್ಡವರು ಬೇಡಿಕೊಂಡ ಮೇಲೆ ಕೊಳದಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಅವನನ್ನು ರಬ್ಬರ್ ತೆಪ್ಪದ ಮೇಲೆ ಕೂರಿಸಿ, ಕಾವಲುಗಾರ ಒಂದೇ ಒಂದು ಸುತ್ತು ತಳ್ಳುತ್ತಾನೆ. ತಳ್ಳುವಷ್ಟು ಹೊತ್ತೂ ಅವನು ಹುಡುಗನಿಗೆ ಹೇಳುವುದು ಒಂದೇ, ನೀರನ್ನು ಮಾತ್ರ ಮುಟ್ಟಬಾರದು.